ಪೋಸ್ಟರ್ ಹರಿದವಳು

ಕುರುಬರಹಳ್ಳಿ, ಬೆಂಗಳೂರು
16 ಜೂನ್ 2025

ಲತಾ,

ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅತ್ತೆಯ ಮಂಡಿ ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ಫೋನಿನಲ್ಲೇ ಬರೆಯಬಹುದಿತ್ತು. ಆದರೆ ನನ್ನ ಫೋನು ನನ್ನದಲ್ಲ ಎಂಬುದು ನಿನಗೆ ಗೊತ್ತು. ಕೋಕಿಲಾ ಸ್ಕೂಲಿನಿಂದ ಬಂದು ಶೂ ಬಿಚ್ಚುವ ಮೊದಲೇ ಅದನ್ನು ಎತ್ತಿಕೊಳ್ಳುತ್ತಾಳೆ. ನನಗೆ ಯಾರು ಏನು ಬರೆದರು ಎನ್ನುವುದು ನನಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ. ಈ ವಿಷಯ ಅವಳ ಕಣ್ಣಿಗೆ ಬೀಳಬಾರದು. ಉತ್ತರವನ್ನೂ ಮನೆಗೆ ಹಾಕಬೇಡ, ನಾನು ಕೆಲಸ ಮಾಡುವ ಮೆಡಿಕಲ್ ಅಂಗಡಿಗೆ ಹಾಕು. ವಿಳಾಸ ಹಿಂದೆ ಬರೆದಿದ್ದೇನೆ.

ವಿಷಯ ಸಣ್ಣದು, ನಗಬೇಡ. ನೀನೂ ನನ್ನ ಮೈದುನ ಯಶ್ವಂತನೂ ತೋರಣಗಲ್ಲಿಗೆ ಹೋದಾಗಿನಿಂದ ಪ್ರತಿ ಶನಿವಾರ ಆ 'ಕಡುಗಲಿ ಕಾಂತಿ' ಧಾರಾವಾಹಿ ಮುಗಿದ ಕೂಡಲೇ ನನ್ನ ಮಗಳು ನಿನಗೆ ಫೋನು ಹಚ್ಚುತ್ತಾಳೆ. ಬಡಿಸಿದ ತಟ್ಟೆ ಒಣಗಿದರೂ ನಿಮ್ಮ ಮಾತು ಮುಗಿಯುವುದಿಲ್ಲ. ಅಡುಗೆಮನೆಯಿಂದ ಕೇಳಿಸಿಕೊಂಡರೆ ನನಗೆ ಒಂದೂ ತಿಳಿಯುವುದಿಲ್ಲ. ಮೊನ್ನೆ ನಾನೂ ಹೋಗಿ ಅವಳ ಪಕ್ಕ ಕೂತೆ. ಬೂದು ಸೀರೆ ಉಟ್ಟ ಹೆಂಗಸೊಬ್ಬಳು ಕೈ ಎತ್ತಿ ಊರಿನ ಲೈಟೆಲ್ಲ ಆರಿಸುತ್ತಿದ್ದಳು.

"ಯಾವಳೇ ಇವ್ಳು, ಮಾಟಗಾತಿ ಥರ?" ಅಂದೆ.

ಕೋಕಿ ಸೌಂಡ್ ಕಮ್ಮಿ ಮಾಡಿ ನನ್ನ ಮುಖ ನೋಡಿದಳು. "ಅಮ್ಮಾ, ಭಸ್ಮಾ ಮಾಟಗಾತಿ ಅಲ್ಲ. ನಿಂಗೆ ಅರ್ಥ ಆಗಲ್ಲ ಬಿಡು. ಚಿಕ್ಕಮ್ಮಂಗೆ ಗೊತ್ತು."

ಅತ್ತೆ ಮಂಚದ ಮೇಲಿಂದಲೇ, "ಹೆತ್ತೋಳ್ಗಿಂತ ಎತ್ತಾಡ್ಸಿದೋಳ್ದೇ ಒಂದ್ ಕೈ ಮೇಲು ಕಣಮ್ಮ" ಅಂದರು. ನಾನು ಎದ್ದು ಹೋಗಿ ಸಾರು ಬಿಸಿಮಾಡಿದೆ.

ಅವರು ಹೇಳಿದ್ದು ಸುಳ್ಳಲ್ಲ. ನಾನು ಅಂಗಡಿಯಲ್ಲಿ ನಿಂತು ಮಾತ್ರೆ ಕೊಡುತ್ತಿದ್ದಾಗ ಅವಳಿಗೆ ಊಟ ಮಾಡಿಸಿದವಳು, ಜಡೆ ಹಾಕಿದವಳು, ಮಗ್ಗಿ ಹೇಳಿಸಿದವಳು ನೀನು. ಇಲ್ಲ ಅನ್ನುವುದಿಲ್ಲ. ಆದರೂ ಅವಳಿಗೀಗ ಹದಿಮೂರು. ನನ್ನ ಹತ್ತಿರ ಒಂದು ಮಾತು ಆಡಬಾರದೇ?

ಈ ಧಾರಾವಾಹಿಯ ಕಥೆ ಮೊದಲಿನಿಂದ ಬರೆದು ಕಳಿಸು. ಅವಳಿಗೆ ಹೇಳಬೇಡ.

ನಿನ್ನ ಅಕ್ಕ,
ಶಶಿಕಲಾ

*

ತೋರಣಗಲ್ಲು
24 ಜೂನ್ 2025

ಪ್ರೀತಿಯ ಅಕ್ಕನಿಗೆ ಲತಾಳ ನಮಸ್ಕಾರ.

ನಿಮ್ಮ ಅಕ್ಷರ ನೋಡಿ ಬಾಗಿಲಲ್ಲೇ ನಿಂತು ಓದಿದೆ. ಈ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದ ಮೇಲೆ ನನ್ನ ಹೆಸರಿಗೆ ಬಂದ ಮೊದಲ ಕಾಗದ. ಕಿಟಕಿಯ ಮೇಲಿನ ಕೆಂಪು ಧೂಳನ್ನು ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಕೂರುತ್ತದೆ. ಯಶ್ವಂತ್ ಶಿಫ್ಟಿಗೆ ಹೋದರೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಶನಿವಾರ ಬಂತೆಂದರೆ ನನಗೆ ಹಬ್ಬ.

ಕಥೆ ಇಷ್ಟು. ಕಾಂತಿಗೆ ಆರು ವರ್ಷ. ಮಾರುಕಟ್ಟೆಯಲ್ಲಿ ಟ್ರಾನ್ಸ್‌ಫಾರ್ಮರ್ ಸಿಡಿದು ಜನ ದಿಕ್ಕಾಪಾಲಾಗಿ ಓಡುವಾಗ ಅವಳು ಅಮ್ಮನ ಕೈ ತಪ್ಪಿ ಕಳೆದುಹೋಗುತ್ತಾಳೆ. ಆ ಸಿಡಿತದಲ್ಲಿ ಮಗುವಿನ ಮೈಯೊಳಗೆ ಕರೆಂಟು ಸೇರಿಬಿಟ್ಟಿರುತ್ತದೆ. ಮುಟ್ಟಿದವರಿಗೆ ಶಾಕ್ ಹೊಡೆಯುವುದರಿಂದ ಯಾರೂ ಹತ್ತಿರ ಸೇರಿಸುವುದಿಲ್ಲ. ಎತ್ತಿಕೊಂಡವಳು ಭಸ್ಮಾ ಒಬ್ಬಳೇ. ಅವಳಿಗೂ ಅಂಥದೇ ಶಕ್ತಿ. ಬಾಗಿಲು ಮುಚ್ಚಿದ ಹಳೆಯ ಬಟ್ಟೆ ಗಿರಣಿಯಲ್ಲಿ ಆರು ವರ್ಷ ಸಾಕುತ್ತಾಳೆ, ಕರೆಂಟನ್ನು ಬೆರಳ ತುದಿಗೆ ತಂದು ನಿಲ್ಲಿಸುವುದನ್ನು ಕಲಿಸುತ್ತಾಳೆ. ಆಮೇಲೆ ಹೆತ್ತ ತಾಯಿ ಪತ್ತೆ ಹಚ್ಚಿ, ಪೊಲೀಸರ ಜೊತೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾಳೆ. ಈಗ ಕಾಂತಿ ದೊಡ್ಡವಳು. ಹಗಲು ಮನೆಮನೆಗೆ ಹೋಗಿ ಮೀಟರ್ ರೀಡಿಂಗ್ ತೆಗೆಯುತ್ತಾಳೆ, ಊರಿಗೆ ಆಪತ್ತು ಬಂದಾಗ ಕಡುಗಲಿಯಾಗುತ್ತಾಳೆ. ಆ ಆಪತ್ತು ಯಾವಾಗಲೂ ಭಸ್ಮಾ.

ಮೊದಲ ಸೀಸನ್ನಿನಲ್ಲಿ ಭಸ್ಮಾ ಬರೀ ಕೆಟ್ಟವಳಾಗಿದ್ದಳು. ಈಗ ಎರಡನೆಯದರಲ್ಲಿ ಅವಳ ಹಿಂದಿನ ಕಥೆ ತೋರಿಸುತ್ತಿದ್ದಾರೆ. ಯಾಕೆ ಹೀಗಾದಳು ಎಂದು ಎಲ್ಲ ಕಡೆ ವಾದ ನಡೆಯುತ್ತಿದೆ. ನಮ್ಮ ಕೋಕಿ ಒಂದು ಮಾತು ಹೇಳಿದಳು ಅಕ್ಕ, ಕೇಳಿ ನನಗೆ ಮೈ ಜುಮ್ಮೆಂದಿತು. "ಚಿಕ್ಕಮ್ಮ, ಕತ್ಲೆ ಮಾಡಿದ್ರೆ ತಾನೇ ಕಾಂತಿ ಹೊರಗೆ ಬರೋದು? ಅವ್ಳನ್ನ ನೋಡೋಕೆ ಭಸ್ಮಾಗೆ ಬೇರೆ ದಾರಿನೇ ಇಲ್ಲ" ಅಂದಳು. ಹದಿಮೂರರ ಮಗುವಿಗೆ ಇದು ಹೇಗೆ ಹೊಳೆಯಿತು?

ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚುವಾಗ ಕೊಬ್ಬರಿ ಎಣ್ಣೆಗೆ ಸ್ವಲ್ಪ ಹರಳೆಣ್ಣೆ ಸೇರಿಸಿ, ಅವಳ ನೆತ್ತಿ ಬೇಗ ಬಿಸಿಯಾಗುತ್ತದೆ. ಬೀನ್ಸ್ ಪಲ್ಯ ಬೇಡ ಅಂದರೆ ಚಪಾತಿಯೊಳಗೆ ಸುತ್ತಿ ಕೊಡಿ, ಗೊತ್ತಾಗುವುದಿಲ್ಲ.

ನಿಮ್ಮ
ಲತಾ

*

ಕುರುಬರಹಳ್ಳಿ
14 ಜುಲೈ 2025

ಲತಾ,

ಹರಳೆಣ್ಣೆಯ ವಿಷಯ ತಿಳಿಯಿತು. ಅವಳೀಗ ನನ್ನ ಕೈಲಿ ಎಣ್ಣೆಯೇ ಹಚ್ಚಿಸಿಕೊಳ್ಳುವುದಿಲ್ಲ. ಬೀನ್ಸ್ ಪಲ್ಯವನ್ನು ಇಷ್ಟಪಟ್ಟು ತಿನ್ನುತ್ತಾಳೆ. ನೀನು ಹೋದ ಮೇಲೆ ಕೆಲವು ಬದಲಾಗಿವೆ.

ನೀನು ಬರೆದ ಕಥೆ ಸಾಲದು ಅನ್ನಿಸಿ ಪೂರ್ತಿ ಧಾರಾವಾಹಿಯನ್ನು ನಾನೇ ನೋಡಿದೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಮ್ಮಿ. ಬಿಲ್ಲಿಂಗ್ ಮಾಡುವ ಟ್ಯಾಬ್‌ನಲ್ಲಿ ಸೌಂಡ್ ಇಲ್ಲದೆ ನೋಡಿದೆ, ಕೆಳಗೆ ಅಕ್ಷರ ಬರುತ್ತದಲ್ಲ. ಅಂಗಡಿ ಮುಂದಿನ ಹಾವನೂರು ಸರ್ಕಲ್ಲಿನ ಗಲಾಟೆಯಲ್ಲಿ ಸೌಂಡ್ ಇದ್ದರೂ ಕೇಳುತ್ತಿರಲಿಲ್ಲ. ಈಗ ನನ್ನ ಅಭಿಪ್ರಾಯ ಹೇಳುತ್ತೇನೆ.

ನಿಮ್ಮ ಭಸ್ಮಾ ಕಳ್ಳಿ.

ಹೋದ ವಾರದ ಕಂತನ್ನು ಮನೆಯ ಟೀವಿಯಲ್ಲಿ ಸೌಂಡ್ ಸಮೇತ ನೋಡಿದೆ, ನೀನೂ ನೋಡಿರಬೇಕು. ಗಿರಣಿಯ ಗೋಡೆಯ ಮೇಲೆ 'ಕಾಣೆಯಾಗಿದ್ದಾಳೆ' ಎಂಬ ಪೋಸ್ಟರ್. ಕಾಂತಿಯ ಫೋಟೋ, ತಾಯಿಯ ನಂಬರು. ಭಸ್ಮಾ ನಿಂತು ಓದುತ್ತಾಳೆ. ಓದಲು ಬಾರದವಳಲ್ಲ. ಆಮೇಲೆ ಹರಿದು ಸೀರೆಯ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ. ಹಿಂದೆ ವೀಣೆ ಬಾರಿಸಿ ನಮ್ಮ ಕಣ್ಣಲ್ಲಿ ನೀರು ತರಿಸುತ್ತಾರೆ. ಯಾಕೆ ತರಿಸಬೇಕು? ಆ ನಂಬರಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತಲ್ಲ? ಪ್ರೀತಿಯಿಂದ ಸಾಕಿದಳು, ಸರಿ. ಬೇರೆಯವರ ಮಗುವನ್ನು ಪ್ರೀತಿಯಿಂದ ಕದ್ದರೂ ಅದು ಕಳವೇ.

ಇನ್ನೊಂದು. ಆ ಹೆತ್ತ ತಾಯಿಗೆ ಇವರು ಒಂದು ಹೆಸರನ್ನೂ ಇಟ್ಟಿಲ್ಲ, ಗಮನಿಸಿದೆಯಾ? ಎರಡು ಸೀಸನ್ನಾದರೂ ಅವಳು 'ಕಾಂತಿಯ ಅಮ್ಮ'. ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ, "ಹುಷಾರು ಮಗಳೇ" ಅನ್ನುತ್ತಾಳೆ, ಒಳಗೆ ಹೋಗುತ್ತಾಳೆ. ಭಸ್ಮಾಳಿಗೆ ಹಿಂದಿನ ಕಥೆ, ಹಾಡು, ಮಳೆಯಲ್ಲಿ ಅಳುವ ದೃಶ್ಯ ಎಲ್ಲ ಉಂಟು. ಆರು ವರ್ಷ ಮಗಳಿಲ್ಲದೆ ಇದ್ದವಳಿಗೆ ಒಂದು ಕಂತೂ ಇಲ್ಲ.

ಇದನ್ನೆಲ್ಲ ಕೋಕಿಯ ಮುಂದೆ ಹೇಳೋಣ ಅಂದುಕೊಂಡೆ. "ಪೋಸ್ಟರ್ ಹರಿದಿದ್ದು ತಪ್ಪಲ್ವೇನೇ?" ಎಂದು ಶುರು ಮಾಡಿದೆ. "ಅಮ್ಮ, ಹೋಮ್‌ವರ್ಕ್ ಇದೆ" ಎಂದು ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಿನ್ನ ಜೊತೆ ನಗುವುದು ಕೇಳಿಸಿತು.

ಶಶಿಕಲಾ

*

ತೋರಣಗಲ್ಲು
27 ಜುಲೈ 2025

ಅಕ್ಕ,

ನೀವು ಇಷ್ಟು ಕೂಲಂಕಷವಾಗಿ ನೋಡುತ್ತೀರಿ ಎಂದು ನನಗೆ ಗೊತ್ತಿರಲಿಲ್ಲ. ಖುಷಿಯಾಯಿತು. ಆದರೆ ನಿಮ್ಮ ತೀರ್ಪು ಒಪ್ಪಲಾರೆ.

ಪೋಸ್ಟರ್ ಹರಿದದ್ದು ನಿಜ. ಆ ಹೊತ್ತಿನಲ್ಲಿ ಭಸ್ಮಾಳ ಹಿಂದೆ ಮಗು ಏನು ಮಾಡುತ್ತಿತ್ತು, ನೋಡಿದಿರಾ? ಅವಳ ಸೀರೆಯ ನೆರಿಗೆ ಹಿಡಿದು ನಿಂತಿತ್ತು. ಲೋಕದಲ್ಲಿ ಯಾರೂ ಮುಟ್ಟದ ಮಗು ಅವಳನ್ನು ಮುಟ್ಟಿತ್ತು. ಇನ್ನೊಬ್ಬರ ಮಗು ತಾನಾಗಿ ಬಂದು ಸೀರೆ ಹಿಡಿದುಕೊಂಡರೆ ಏನಾಗುತ್ತದೆ ಎನ್ನುವುದು ಸ್ವಂತ ಮಕ್ಕಳಿದ್ದವರಿಗೆ ತಿಳಿಯುವುದು ಕಷ್ಟ. ಬೇಜಾರು ಮಾಡಿಕೊಳ್ಳಬೇಡಿ, ಧಾರಾವಾಹಿಯ ಮಾತು ಹೇಳಿದೆ.

ತಾಯಿಗೆ ಹೆಸರಿಲ್ಲ ಎಂಬುದನ್ನು ಒಪ್ಪುತ್ತೇನೆ. ನನಗೆ ಹೊಳೆದಿರಲಿಲ್ಲ.

ಒಂದು ಕೇಳಿಕೆ. ದಸರಾ ರಜೆಗೆ ಕೋಕಿಯನ್ನು ಇಲ್ಲಿಗೆ ಕಳಿಸಿ. ಯಶ್ವಂತ್ ಬಂದು ಕರೆದುಕೊಂಡು ಬರುತ್ತಾರೆ. ಚಿಕ್ಕ ರೂಮಿಗೆ ಹಳದಿ ಬಣ್ಣ ಹೊಡೆಸಿದ್ದೇನೆ, ಅವಳಿಗೆ ಇಷ್ಟ ಅಂತ. ಮುಂದಿನ ತಿಂಗಳು ಬಳ್ಳಾರಿಗೆ ಓಡಾಡುವ ಕೆಲಸ ಸ್ವಲ್ಪ ಇದೆ. ಅದು ಮುಗಿದರೆ ನಾನು ಪೂರ್ತಿ ಬಿಡುವು. ಇಲ್ಲ ಅನ್ನಬೇಡಿ ಅಕ್ಕ.

ಲತಾ

*

ಕುರುಬರಹಳ್ಳಿ
20 ಆಗಸ್ಟ್ 2025

ಲತಾ,

ಉತ್ತರ ತಡವಾಯಿತು. ಹಬ್ಬದ ಸಾಲು, ಅಂಗಡಿಯಲ್ಲಿ ಜ್ವರದ ಗಿರಾಕಿಗಳ ಸಾಲು.

ನಿನಗೊಂದು ಸುದ್ದಿ. ಫೇಸ್‌ಬುಕ್ಕಿನಲ್ಲಿ 'ಕಾಂತಿ ಬಳಗ' ಎಂಬ ಅಭಿಮಾನಿಗಳ ಗುಂಪಿದೆಯಲ್ಲ, ನೀನೂ ಕೋಕಿಯೂ ವಾದ ಮಾಡುವ ಜಾಗ, ಅದಕ್ಕೆ ಅಂಗಡಿಯ ಟ್ಯಾಬಿನಿಂದ ನಾನೂ ಸೇರಿದೆ. ಕೋಕಿ ಅಲ್ಲಿ 'ಕಡುಗಲಿ ಕೋಕಿ', ಅವರಪ್ಪನ ಹಳೇ ಫೋನಿನಿಂದ. ನೀನು 'ಬೂದಿ ಅಭಿಮಾನಿ' ಎಂಬುದನ್ನು ಅವಳೇ ಹೇಳಿದ್ದಳು. ನನ್ನ ಹೆಸರು 'ಹಾವನೂರು ಸರ್ಕಲ್'. ಫೋಟೋದ ಜಾಗದಲ್ಲಿ ದಾಸವಾಳದ ಹೂವು.

ಹೌದು, ನಿನ್ನ ಪೋಸ್ಟಿನ ಕೆಳಗೆ ಹತ್ತು ದಿನದಿಂದ ಜಗಳ ಆಡುತ್ತಿರುವವಳು ನಾನೇ. ನಿನಗೆ ಅನುಮಾನ ಬರಲಿಲ್ಲವೇ? ಬಂದಿರಬೇಕು ಅಂದುಕೊಂಡಿದ್ದೆ.

ಶುಕ್ರವಾರ ಬರೆದದ್ದನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ಜಂಬ ಅಂದುಕೋ:

"ಆರು ವರ್ಷ ಆ ತಾಯಿ ಏನು ಮಾಡಿದಳು? ನಿರ್ದೇಶಕರು ತೋರಿಸಲಿಲ್ಲ, ನಾನು ಹೇಳುತ್ತೇನೆ. ಬೆಳಿಗ್ಗೆ ಕೆಲಸಕ್ಕೆ ಹೋದಳು, ಯಾಕೆಂದರೆ ಮಗಳು ಸಿಕ್ಕಿದ ದಿನ ಕರೆದುಕೊಂಡು ಬರಲು ಮನೆ ಇರಬೇಕಲ್ಲ. ಸಂಜೆ ಒಂದು ಸ್ಟಾಪು ಮೊದಲೇ ಬಸ್ಸಿಳಿದು, ಬೀದಿಯಲ್ಲಿ ಆಡುವ ಮಕ್ಕಳ ಮುಖ ನೋಡುತ್ತ ನಡೆದಳು. ಪ್ರತಿ ವರ್ಷ ಮಗಳಿಗೆ ಹೊಸ ಫ್ರಾಕು ಹೊಲಿಸಿದಳು, ಅಂದಾಜಿನ ಮೇಲೆ, ಕೆಳಗೆ ಒಂದಿಷ್ಟು ಮಡಿಕೆ ಬಿಟ್ಟು. ಕೆಲಸಕ್ಕೆ ಹೋಗುವವಳಿಗೆ ಮಗಳ ಮೇಲೆ ಪ್ರೀತಿ ಕಮ್ಮಿ ಅಂದುಕೊಂಡವರು ಆ ಫ್ರಾಕುಗಳನ್ನು ನೋಡಬೇಕು."

ನಾನು ದೋಸೆ ಹಾಕುತ್ತಿದ್ದೆ. ಕೋಕಿ ಫೋನು ಹಿಡಿದು ಅಡುಗೆಮನೆಗೇ ಬಂದಳು. "ಅಮ್ಮಾ, ಇಲ್ ಕೇಳು, ಯಾರೋ ಆಂಟಿ ಸಖತ್ತಾಗ್ ಬರ್ದಿದಾರೆ." ಓದುತ್ತ ಓದುತ್ತ ಫ್ರಾಕಿನ ಹತ್ತಿರ ಬಂದು ಆ ಸಾಲನ್ನು ಎರಡು ಸಲ ಓದಿದಳು. ನನ್ನ ದೋಸೆ ಸೀದು ಹೋಯಿತು. "ಚಿಕ್ಕಮ್ಮ ಹೇಳಿದ್ದು ತಪ್ಪೇನೋ ಅನ್ಸತ್ತೆ ಕಣಮ್ಮ" ಅಂದಳು. ನನ್ನ ಮಗಳು ನಿನ್ನ ಮಾತು ತಪ್ಪೆಂದು ಹೇಳಿದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ನಾನು ಇನ್ನೊಂದು ದೋಸೆ ಹಾಕಿದೆ.

ಈಗ ಅವಳೂ ಹಾವನೂರು ಸರ್ಕಲ್ಲೂ ದಿನಾ ಬರೆದುಕೊಳ್ಳುತ್ತಾರೆ.

ದಸರೆಗೆ ಕಳಿಸಲು ಆಗುವುದಿಲ್ಲ. ಸ್ಕೂಲಿನಲ್ಲಿ ಸ್ಪೆಷಲ್ ಕ್ಲಾಸ್ ಇಟ್ಟಿದ್ದಾರೆ.

ಶಶಿಕಲಾ

*

ತೋರಣಗಲ್ಲು
12 ಸೆಪ್ಟೆಂಬರ್ 2025

ಅಕ್ಕ,

ಕಾಗದ ತಲುಪಿತು.

ಕೋಕಿಯಿಂದ ಶನಿವಾರದ ಫೋನು ಬಂದು ಮೂರು ವಾರವಾಯಿತು. ನಿನ್ನೆ ನಾನೇ ಮಾಡಿದೆ. "ಚಿಕ್ಕಮ್ಮ, ಹಾವನೂರು ಸರ್ಕಲ್ ಆಂಟಿ ಏನ್ ಹೇಳ್ತಾರೆ ಗೊತ್ತಾ" ಎಂದು ಶುರು ಮಾಡಿದವಳು ಅದನ್ನೇ ಹೇಳಿದಳು. ಆ ಆಂಟಿಗೆ ಎಷ್ಟು ತಿಳಿವಳಿಕೆ, ಆ ಆಂಟಿ ಎಷ್ಟು ಒಳ್ಳೆಯವರು. ನಾನು ಹೂಂ ಹೂಂ ಅನ್ನುತ್ತ ಕೂತೆ. ಒಂಬತ್ತು ವರ್ಷ ಅವಳ ಎಂಜಲು ತಟ್ಟೆ ತೊಳೆದವಳಿಗೆ ಒಂದು ದಾಸವಾಳದ ಹೂವಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತು.

ಸ್ಪೆಷಲ್ ಕ್ಲಾಸ್ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. "ಯಾವ್ ಸ್ಪೆಷಲ್ ಕ್ಲಾಸು?" ಅಂದಳು. "ನಂಗೆ ರಜ ಅಷ್ಟೂ ದಿನ ಮನೆಲೇ ಬೋರು. ನೀವು ಕರೀಲೇ ಇಲ್ವಲ್ಲ" ಅಂದಳು.

ನಾನು ಕರೆಯಲೇ ಇಲ್ಲ ಎಂದು ಅವಳು ತಿಳಿದಿದ್ದಾಳೆ.

ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ಲತಾ

*

ಕುರುಬರಹಳ್ಳಿ
29 ಸೆಪ್ಟೆಂಬರ್ 2025

ಲತಾ,

ಹೆಚ್ಚು ಬರೆಯಲು ಕೈ ಬರಲಿಲ್ಲ ಅಂದೆಯಲ್ಲ, ಫೋನಿನಲ್ಲಿ ಹೇಳಲು ಬಾಯಿ ಚೆನ್ನಾಗಿ ಬಂತು.

ಹದಿಮೂರನೇ ತಾರೀಖು ನಾನು ಅಂಗಡಿಯಿಂದ ಬಂದಾಗ ಕೋಕಿ ನಡುಮನೆಯಲ್ಲಿ ನಿಂತಿದ್ದಳು. ಲೈಟೂ ಹಾಕಿರಲಿಲ್ಲ.

"ಹಾವನೂರು ಸರ್ಕಲ್ ನೀನಾ?"

ನಾನು ಚಪ್ಪಲಿ ಬಿಡುತ್ತಿದ್ದೆ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

"ಚಿಕ್ಕಮ್ಮ ಹೇಳಿದ್ರು. ನೀವಿಬ್ರೂ ಕಾಗದ ಬರ್ಕೊಳ್ತೀರಂತೆ, ನನ್ ಬಗ್ಗೆ. ನಾನೇನ್ ಸೀರಿಯಲ್ಲಾ?" ಆಮೇಲೆ ಅವಳ ದನಿ ಸಣ್ಣದಾಯಿತು. "ನನ್ ಜೊತೆ ಮಾತಾಡೋಕೆ ನಿಂಗೆ ಬೇರೆ ಹೆಸ್ರು ಬೇಕಿತ್ತೇನಮ್ಮ? ನಾನು ಆ ಆಂಟಿಗೆ ಎಲ್ಲಾ ಹೇಳಿದ್ದೆ."

ಇದು ನಿನಗೆ ಗೊತ್ತಿಲ್ಲ, ನಾನು ಬರೆದಿರಲಿಲ್ಲ. ಅವಳು ಹಾವನೂರು ಸರ್ಕಲ್ಲಿಗೆ ಬರೀ ಭಸ್ಮಾಳ ವಿಷಯ ಬರೆಯುತ್ತಿರಲಿಲ್ಲ. ನನ್ನ ವಿಷಯವೂ ಬರೆಯುತ್ತಿದ್ದಳು. 'ನಮ್ಮಮ್ಮ ನನ್ ಹತ್ರ ಕೇಳೋದು ಎರಡೇ ಆಂಟಿ, ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ. ನಿಮ್ ಥರ ಅಮ್ಮ ಇದ್ದಿದ್ರೆ ಚೆನ್ನಾಗಿರ್ತಿತ್ತು.' ಅಂಗಡಿಯಲ್ಲಿ ಅದನ್ನು ಓದಿ, ಗಿರಾಕಿಗೆ ಬೇರೆ ಮಾತ್ರೆ ಕೊಡಲು ಹೋಗಿ ಬೈಸಿಕೊಂಡೆ. ನನ್ನ ಮೇಲೆ ನನಗೇ ಹೊಟ್ಟೆಕಿಚ್ಚು ಬಂತು ಲತಾ. ಈ ಶಶಿಕಲಾಳಿಗೆ ಸಿಗದ ಮಗಳು ಆ ಹೂವಿನ ಫೋಟೋಗೆ ಸಿಕ್ಕಿದ್ದಳು. ಮೆಲ್ಲಗೆ, ಒಂದು ದಿನ ನೋಡಿಕೊಂಡು, ನಾನೇ ಹೇಳುವವಳಿದ್ದೆ.

ನೀನು ಹೇಳಿಬಿಟ್ಟೆ. ಕೇಳಿದಾಗ ಅವಳ ಮುಖ ಹೇಗಾಯಿತು ಎಂದು ನೋಡುವ ಗೋಜು ನಿನಗಿರಲಿಲ್ಲ. ಅದು ನನ್ನ ಪಾಲಿಗೆ ಬಂತು.

ಗುಂಪಿನಿಂದ ಅವಳು ಹೊರಗೆ ಹೋಗಿದ್ದಾಳೆ. ಶನಿವಾರ ಟೀವಿ ಹಾಕುವುದಿಲ್ಲ. ಊಟ ಆಯ್ತಾ ಎಂದರೆ ಆಯ್ತು, ಹೋಮ್‌ವರ್ಕ್ ಆಯ್ತಾ ಎಂದರೆ ಆಯ್ತು. "ಲತನ್ ಕರ್ಸ್ರೋ, ಮಗು ಬಾಡೋಗೈತೆ" ಎಂದು ಅತ್ತೆ ನಿಮ್ಮ ಭಾವನಿಗೆ ಹೇಳುತ್ತಾರೆ. ಕರೆಸುವುದಿಲ್ಲ.

ಶಶಿಕಲಾ

*

ತೋರಣಗಲ್ಲು
18 ನವೆಂಬರ್ 2025

ಅಕ್ಕ,

ದೀಪಾವಳಿಗೆ ನಾವು ಬರದಿದ್ದುದಕ್ಕೆ ಯಶ್ವಂತ್‌ಗೆ ರಜೆ ಸಿಗಲಿಲ್ಲ ಎಂದು ಭಾವನಿಗೆ ಹೇಳಿದ್ದೇವೆ. ರಜೆ ಸಿಕ್ಕಿತ್ತು. ನಾನೇ ಬರಲಿಲ್ಲ.

ನಿಮಗೆ ಬರೆಯಬಾರದೆಂದೇ ಇದ್ದೆ. ನಿಮ್ಮ ಕಾಗದ ಎಷ್ಟೋ ಸಲ ಓದಿದೆ, ಪ್ರತಿ ಸಲವೂ ಸಿಟ್ಟು ಬಂತು. ಕೋಕಿಗೆ ಹೇಳಿದ್ದು ತಪ್ಪೇ. ಹೇಳುವಾಗಲೇ ಗೊತ್ತಿತ್ತು. ಹೇಳಿ ಮುಗಿಸಿ ನಾನು "ಹಲೋ, ಹಲೋ" ಅಂದೆ. ಆಮೇಲೆ ಅವಳು ನನ್ನ ಫೋನು ಎತ್ತಿಲ್ಲ. ಹುಟ್ಟುಹಬ್ಬಕ್ಕೆ ಕಳಿಸಿದ ಬಟ್ಟೆಗೆ "ಥ್ಯಾಂಕ್ಸ್ ಚಿಕ್ಕಮ್ಮ" ಎಂದು ಎರಡು ಪದ ಬಂತು, ಅಷ್ಟೇ.

ಆದರೆ ನೀವು ನನ್ನನ್ನು ಒಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸಿದಿರಿ. ಪೋಸ್ಟರ್ ಹರಿದವಳು ಕಳ್ಳಿ ಎಂದಿರಿ. ನಾನು ಅವಳನ್ನು ಕರೆದಿದ್ದೆ ಎನ್ನುವುದನ್ನು ಅವಳಿಗೆ ಹೇಳದೆ ಮುಚ್ಚಿಟ್ಟಿರಲ್ಲ, ಅದು ಏನು? ಗೋಡೆಯ ಮೇಲಿದ್ದ ನನ್ನ ನಂಬರನ್ನು ನೀವೂ ಹರಿದಿರಿ ಅಕ್ಕ.

ನಿಮಗೆ ಅವಳು ದಿನಾ ಸಿಗುತ್ತಾಳೆ. ಮುಖ ಊದಿಸಿಕೊಂಡಾದರೂ ಎದುರಿಗೆ ಓಡಾಡುತ್ತಾಳೆ, ಅವಳು ಬಿಚ್ಚಿ ಎಸೆದ ಸಾಕ್ಸ್ ನಿಮ್ಮ ಕಾಲಿಗೆ ಸಿಗುತ್ತದೆ. ಆ ಸಾಕ್ಸಿನ ಮೇಲೂ ನನಗೆ ಹೊಟ್ಟೆಕಿಚ್ಚು ಎಂದರೆ ನಂಬುತ್ತೀರಾ? ನನಗೆ ಇದ್ದದ್ದು ವಾರದಲ್ಲಿ ಒಂದು ಸಂಜೆ. ಅದೂ ಒಂದು ಧಾರಾವಾಹಿಯ ನೆಪದಲ್ಲಿ. ನೀವು ಅದಕ್ಕೂ ಬಂದಿರಿ. ಬಂದು ನನಗಿಂತ ಚೆನ್ನಾಗಿ ಬರೆದಿರಿ.

ಬಳ್ಳಾರಿಗೆ ಓಡಾಟ ಅಂದಿದ್ದೆನಲ್ಲ, ಅದು ಆಸ್ಪತ್ರೆಗೆ. ಮಗುವಿಗಾಗಿ ಮೂರನೇ ಸಲದ ಚಿಕಿತ್ಸೆ. ಅತ್ತೆಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಆಗಸ್ಟ್ ಕೊನೆಯಲ್ಲಿ, ಆಗಲಿಲ್ಲ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದಾಗ ನಿಮ್ಮ ಕಾಗದ ಬಾಗಿಲ ಸಂದಿಯಲ್ಲಿತ್ತು. ಫ್ರಾಕಿನದ್ದು, ಸ್ಪೆಷಲ್ ಕ್ಲಾಸಿನದ್ದು. ಇನ್ನು ಸಾಕು ಅಂದುಬಿಟ್ಟೆವು, ಯಶ್ವಂತೂ ನಾನೂ.

ಕರುಣೆಗಾಗಿ ಇದನ್ನು ಬರೆದಿಲ್ಲ. ಆ ಹೊತ್ತಿಗೆ ನನ್ನ ಸ್ಥಿತಿ ಏನಿತ್ತು ಎಂದು ನಿಮಗೆ ಗೊತ್ತಿರಲಿ, ಅಷ್ಟೇ.

ಲತಾ

*

ಕುರುಬರಹಳ್ಳಿ
11 ಜನವರಿ 2026

ಲತಾ,

ಎರಡು ತಿಂಗಳು ತೆಗೆದುಕೊಂಡೆ. ಬರೆಯಲು ಕೂತಾಗಲೆಲ್ಲ ಬಾಗಿಲ ಸಂದಿಯಲ್ಲಿದ್ದ ಆ ಕಾಗದ ಕಣ್ಣ ಮುಂದೆ ಬರುತ್ತಿತ್ತು. ಅಂಗಡಿಗೆ ಇಂಜೆಕ್ಷನ್ ಕೊಳ್ಳಲು ಬರುವ ಹೆಂಗಸರನ್ನು ದಿನಾ ನೋಡುತ್ತೇನೆ. ಚೀಟಿ ನೋಡಿದರೆ ಯಾವುದಕ್ಕೆ ಎಂದು ಗೊತ್ತಾಗುತ್ತದೆ, ಮುಖ ನೋಡದೆ ಕೊಟ್ಟು ಕಳಿಸುತ್ತೇನೆ. ನಮ್ಮ ಮನೆಯವಳೇ ಒಬ್ಬಳು ಎಲ್ಲೋ ಬೇರೆ ಕೌಂಟರಿನ ಮುಂದೆ ಹಾಗೆ ನಿಂತಿದ್ದಳು ಎಂದು ನನಗೆ ಹೊಳೆಯಲೇ ಇಲ್ಲ. ನೀನು ಬಳ್ಳಾರಿ ಅಂದಾಗ ಸೀರೆ ಕೊಳ್ಳಲು ಅಂದುಕೊಂಡಿದ್ದೆ. ಇದಕ್ಕಿಂತ ಬೇರೆ ಮಾತು ನನಗೆ ಗೊತ್ತಿಲ್ಲ. ಅತ್ತೆಗೆ ಹೇಳಿಲ್ಲ, ಹೇಳುವುದಿಲ್ಲ.

ನೀನು ಕರೆದಿದ್ದೆ ಎನ್ನುವುದನ್ನು ಕೋಕಿಗೆ ಹೇಳಿದೆ. ಸ್ಪೆಷಲ್ ಕ್ಲಾಸ್ ಸುಳ್ಳು ಎಂದೂ ಹೇಳಿದೆ. ಕಿರುಚುತ್ತಾಳೆ ಅಂದುಕೊಂಡೆ. "ಓ, ಹೌದಾ" ಅಂದಳು. ಮೊಣಕೈಗೆ ಸುತ್ತಿದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಿದ್ದಳು. ಸ್ಕೂಲಿನ ಥ್ರೋಬಾಲ್ ತಂಡಕ್ಕೆ ಸೇರಿದ್ದಾಳೆ, ನಿನಗೆ ಗೊತ್ತಿರಲಿಕ್ಕಿಲ್ಲ.

ಈಗ ಮನೆಯಲ್ಲಿ ಬೆಳಗಾದರೆ ಥ್ರೋಬಾಲ್. ಪಿ.ಟಿ. ಮೇಷ್ಟ್ರು ಕೃಷ್ಣಪ್ಪ ಎಂಬುವರು ಹೇಳಿದ್ದೇ ವೇದ. ಮೊಳಕೆ ಕಾಳು ತಿನ್ನಬೇಕು ಅಂತ ಕೃಷ್ಣಪ್ಪ ಸಾರ್ ಹೇಳಿದಾರೆ. ಕೂದಲು ಗಿಡ್ಡ ಇರಬೇಕು ಅಂತ ಕೃಷ್ಣಪ್ಪ ಸಾರ್ ಹೇಳಿದಾರೆ. ಕತ್ತರಿಸಿಕೊಂಡು ಬಂದಳು ಲತಾ, ಭುಜದ ತನಕ. ನೀನು ಹಾಕುತ್ತಿದ್ದ ಆ ಉದ್ದ ಜಡೆ. ನನ್ನನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ.

ಹೋದ ಶನಿವಾರ ಅವಳ ರೂಮಿನ ಬಾಗಿಲು ತಟ್ಟಿ, "ಕಾಂತಿ ಶುರುವಾಗತ್ತೆ ಬಾರೇ, ಒಟ್ಟಿಗೆ ನೋಡೋಣ" ಅಂದೆ.

"ಅಯ್ಯೋ ಅಮ್ಮಾ, ಅದೆಲ್ಲ ಚಿಕ್ ಮಕ್ಳಿಗೆ. ನೀನು ನೋಡ್ಕೊ." ಸಿಟ್ಟೇನೂ ಇರಲಿಲ್ಲ. ನಗುತ್ತಲೇ ಅಂದಳು. ಸಿಟ್ಟಿದ್ದರೆ ಚೆನ್ನಾಗಿತ್ತು.

ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಯಾರಿಗೆ ಹೇಳಲಿ? ನಿಮ್ಮ ಭಾವನಿಗೆ ಹೇಳಿದರೆ "ಮಕ್ಳು ಅಂದ್ಮೇಲೆ ಬೆಳೀತಾರೆ" ಅನ್ನುತ್ತಾರೆ. ಇದು ಏನು ಎಂದು ಗೊತ್ತಿರುವವಳು ಈ ಭೂಮಿಯ ಮೇಲೆ ಇನ್ನೊಬ್ಬಳೇ, ಅವಳ ಮೇಲೆ ನಾನು ಸಿಟ್ಟಾಗಿ ಕೂತಿದ್ದೆ. ಇಬ್ಬರೂ ಎಳೆದಾಡಿ ಬೆವರುತ್ತಿದ್ದೆವು, ಮಗು ಎದ್ದು ಆಟಕ್ಕೆ ಹೋಯಿತು.

ಆಮೇಲೆ ಮುಖ ತೊಳೆದು ಬಂದು ಟೀವಿ ಹಾಕಿದೆ. ಅತ್ತೆ ಪಕ್ಕದಲ್ಲಿ ಕೂತರು. "ಆ ಬೂದಿ ಸೀರೆಯೋಳ್ಗೆ ಗಂಡ ಗಿಂಡ ಯಾರೂ ಇಲ್ವೇನೇ?" ಎಂದು ಕೇಳಿದರು. ಭಸ್ಮಾ ತನ್ನ ಸೆರಗಿನ ಗಂಟು ಬಿಚ್ಚಿ ಆ ಹರಿದ ಪೋಸ್ಟರನ್ನು ತಾಯಿಯ ಕೈಗೆ ಕೊಟ್ಟ ಕಂತು ಅದು. ಇಷ್ಟು ವರ್ಷ ಬಿಸಾಡದೆ ಇಟ್ಟುಕೊಂಡಿದ್ದಳು. ನೀನೂ ನೋಡಿದೆಯಾ? ಮಾತಾಡಲು ಯಾರೂ ಇಲ್ಲದೆ ನನಗೆ ಬಾಯಿ ಕಟ್ಟಿದ ಹಾಗಾಯಿತು.

ಮುಂದಿನ ತಿಂಗಳು ಏಳನೇ ತಾರೀಖು ಕೊನೆಯ ಕಂತು. ಅಂಗಡಿಯಲ್ಲಿ ಎರಡು ದಿನ ರಜೆ ಕೇಳಿದ್ದೇನೆ. ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಸಿಗುತ್ತದಂತೆ. ಕೋಕಿ ಬರುವುದಿಲ್ಲ, ಅವಳಿಗೆ ಪಂದ್ಯ ಇದೆ. ನಾನೊಬ್ಬಳೇ ಬರುವುದು. ಆದೀತಾ?

ಶಶಿಕಲಾ

*

ತೋರಣಗಲ್ಲು
20 ಜನವರಿ 2026

ಅಕ್ಕ,

ಕೋಕಿ ಬರುವುದಿಲ್ಲ ಎಂಬ ಸಾಲು ಓದಿ ಕಾಗದವನ್ನು ಮಡಿಚಿಟ್ಟೆ. ಸುಳ್ಳು ಹೇಳುವುದಿಲ್ಲ. ಟಿಕೆಟ್ ವಿಷಯದ ತನಕ ಅವಳೂ ಬರುತ್ತಾಳೆ ಎಂದೇ ಓದಿಕೊಂಡು ಬಂದಿದ್ದೆ. ಸಂಜೆಯ ತನಕ ಮತ್ತೆ ತೆಗೆಯಲಿಲ್ಲ. ಜಡೆ ಕತ್ತರಿಸಿಕೊಂಡಳೇ? ಒಂದು ಫೋಟೋ ಕಳಿಸಿ. ಬೇಡ, ಕಳಿಸಬೇಡಿ. ಅವಳಿಗೇ ಹೇಳಿ, ಮನಸ್ಸು ಬಂದಾಗ ಕಳಿಸಲಿ.

ನಾನೂ ಆ ಕಂತು ನೋಡಿದೆ. ಒಬ್ಬಳೇ. ಪೋಸ್ಟರ್ ಕೊಟ್ಟಾಗ ತಾಯಿ ಅದನ್ನು ತೆಗೆದುಕೊಂಡಳೇ ಹೊರತು ಭಸ್ಮಾಳನ್ನು ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಲ್ಲಿಸಿದಳು. ನನಗೆ ಆ ತಾಯಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ 'ಹಾವನೂರು ಸರ್ಕಲ್' ಇದಕ್ಕೇನು ಹೇಳುತ್ತದೆ ಎಂದು ಗುಂಪಿಗೆ ಹೋಗಿ ಹುಡುಕಿದೆ. ನೀವು ಏನೂ ಬರೆದಿರಲಿಲ್ಲ. ಅಷ್ಟು ಜನ ವಾದ ಮಾಡುತ್ತಿದ್ದರೂ ಜಾಗ ಖಾಲಿ ಖಾಲಿ ಅನ್ನಿಸಿತು. ನನಗೆ ಈ ನಡುವೆ ಯಾರ ಮಾತು ಕೇಳಬೇಕು ಅನ್ನಿಸುತ್ತಿದೆ ಎಂಬುದು ಆಗ ತಿಳಿಯಿತು.

ಏಳನೇ ತಾರೀಖು ಬನ್ನಿ. ಹಳದಿ ರೂಮು ಹಾಗೇ ಇದೆ, ಹಾಸಿಗೆ ಮಾತ್ರ ಸಣ್ಣದು. ನೀವು ಅಲ್ಲಿ ಮಲಗಿದರೆ ಕಾಲು ಹೊರಗೆ ಬರುತ್ತದೆ, ದೊಡ್ಡದು ತರಿಸುತ್ತೇನೆ. ಧೂಳಿಗೆ ಒಂದು ಟವೆಲ್ ಹೆಚ್ಚಿಗೆ ತನ್ನಿ. ಅತ್ತೆಯ ಉಪ್ಪಿನಕಾಯಿ ಬೇಡ, ಅವರ ಮಾತೂ ಜೊತೆಗೆ ಬರುತ್ತದೆ.

ಯಶ್ವಂತ್‌ಗೆ ಹೇಳಿದೆ. ನಂಬಲಿಲ್ಲ. "ಅತ್ಗೆ ಒಬ್ರೇನಾ? ಕೋಕಿ ಇಲ್ದೆ? ಅಷ್ಟು ದೂರ ಯಾಕ್ ಬರ್ತಿದಾರೆ, ಏನ್ ವಿಷ್ಯ?" ಅಂದರು.

"ಜಗಳ ಆಡೋಕೆ" ಅಂದೆ.

ಲತಾ